ಬ್ಯಾಕ್‌ಲಿಂಕ್‌ಗಾಗಿ ಹೋಂಸ್ಟೇ ಮಾಲೀಕರು ಬೆವರು ಸುರಿಸಬೇಕಾ? ಪರ-ವಿರೋಧ

ಕಳಸದ ಹತ್ತಿರ ನಾಲ್ಕು ರೂಮಿನ ಒಂದು ಹೋಂಸ್ಟೇ ಇದೆ ಅಂದುಕೊಳ್ಳಿ. ವೆಬ್‌ಸೈಟ್ ಇದೆ, ಫೋಟೊ ಇವೆ, ಫೋನ್ ನಂಬರ್ ಇದೆ. ಆದರೆ ಗೂಗಲ್‌ನಲ್ಲಿ ಹುಡುಕಿದರೆ ಎಷ್ಟು ಕೆಳಗೆ ಹೋದರೂ ಹೆಸರೇ ಕಾಣುವುದಿಲ್ಲ. ಮೇಲೆ ಬರಬೇಕಾದರೆ ಬ್ಯಾಕ್‌ಲಿಂಕ್ ಬೇಕು ಅನ್ನುತ್ತಾರೆ. ಬೇರೆಯವರ ವೆಬ್‌ಸೈಟ್‌ನಿಂದ ನಮ್ಮ ಸೈಟಿಗೆ ಬರುವ ಲಿಂಕೇ ಬ್ಯಾಕ್‌ಲಿಂಕ್. ಅದನ್ನು ಗಳಿಸಲು ಈ ಮಾಲೀಕರು ದುಡ್ಡು, ಸಮಯ ಹಾಕಬೇಕಾ? ನನ್ನ ಒಲವು ವಿರೋಧದ ಕಡೆಗೇ ಸ್ವಲ್ಪ ಜಾಸ್ತಿ, ಮುಚ್ಚಿಡುವುದಿಲ್ಲ. ಅದಕ್ಕೇ ಪರ ವಾದವನ್ನು ಆದಷ್ಟು ಗಟ್ಟಿಯಾಗಿ ಬರೆಯಲು ನೋಡಿದ್ದೇನೆ.

ಪರ: ಬೇರೆಯವರು ಹೇಳದೆ ಗೂಗಲ್‌ಗೆ ಗೊತ್ತಾಗುವುದು ಹೇಗೆ?

ಗೂಗಲ್ ಹುಟ್ಟಿದ್ದೇ ಲಿಂಕುಗಳ ಲೆಕ್ಕದಿಂದ. ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿ ಓದುವಾಗ ಕಟ್ಟಿದ ಸರ್ಚ್ ಎಂಜಿನ್‌ಗೆ ಮೊದಲು ಇದ್ದ ಹೆಸರು ಬ್ಯಾಕ್‌ರಬ್. ಒಂದು ಸಂಶೋಧನಾ ಲೇಖನವನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಅಂತ ನೋಡಿ ಅದರ ತೂಕ ಅಳೆಯುತ್ತಾರಲ್ಲ, ಅದನ್ನೇ ಅವರು ವೆಬ್ ಪುಟಗಳಿಗೂ ತಂದರು. 1998ರ ಅವರ ಪ್ರಬಂಧದಲ್ಲಿ ಇದು ಪೇಜ್‌ರ‍್ಯಾಂಕ್ ಅಂತ ಬಂತು. ಎಷ್ಟು ಲಿಂಕ್ ಅನ್ನುವುದರ ಜೊತೆಗೆ ಯಾರು ಕೊಟ್ಟ ಲಿಂಕ್ ಅನ್ನುವುದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ತೂಕವಿರುವ ಪುಟ ತನ್ನ ತೂಕವನ್ನು ತಾನು ಲಿಂಕ್ ಕೊಟ್ಟವರಿಗೆಲ್ಲ ಹಂಚುತ್ತದೆ. ಹತ್ತೇ ಜನರಿಗೆ ಕೊಟ್ಟರೆ ಪಾಲು ದೊಡ್ಡದು, ಸಾವಿರ ಜನರಿಗೆ ಕೊಟ್ಟರೆ ಚೂರು.

ಇದರ ಹಿಂದಿನ ಯೋಚನೆ ಸರಳ. "ಮಲೆನಾಡಿನ ಅತ್ಯುತ್ತಮ ಹೋಂಸ್ಟೇ" ಅಂತ ಯಾರು ಬೇಕಾದರೂ ತಮ್ಮ ಸೈಟಿನಲ್ಲಿ ಬರೆದುಕೊಳ್ಳಬಹುದು. ಅದು ನಮ್ಮ ಮಾತೇ ಅಲ್ವಾ? ಹೊರಗಿನವರು ಹೇಳಿದಾಗ ಅದಕ್ಕೆ ಬೆಲೆ.

ಈಗ ಲಿಂಕಿಗೆಲ್ಲ ಕಿಮ್ಮತ್ತಿಲ್ಲ ಅನ್ನುವ ಮಾತು ಓಡಾಡುತ್ತಿದೆ. ಗೂಗಲ್‌ನ ಗ್ಯಾರಿ ಇಲ್ಲೀಸ್ 2023ರಲ್ಲಿ, ಯಾವ ಪುಟ ಮೇಲೆ ಬರಬೇಕು ಅನ್ನುವುದನ್ನು ನಿರ್ಧರಿಸುವ ಮೊದಲ ಮೂರು ಅಂಶಗಳಲ್ಲಿ ಲಿಂಕ್ ಬರುತ್ತದೆ ಅಂತ ತಮಗೆ ಅನ್ನಿಸುವುದಿಲ್ಲ ಎಂದಿದ್ದರು, ನಿಜ. ಆದರೆ ಲಿಂಕ್ ಮುಖ್ಯ ಅನ್ನುವುದನ್ನು ಅದೇ ಉಸಿರಿನಲ್ಲಿ ಒಪ್ಪಿದ್ದರು. ಹೋಂಸ್ಟೇಯಂಥ ಊರಿನ ವ್ಯಾಪಾರಕ್ಕಂತೂ ಗೂಗಲ್‌ನ ಸಹಾಯ ಪುಟದಲ್ಲೇ ಬಿಡಿಸಿ ಹೇಳಿದ್ದಾರೆ. ಹುಡುಕಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರು ಮಾಡಿದೆ: ಈ ಮೂರನ್ನು ನೋಡುತ್ತಾರೆ. ಹೆಸರು ಮಾಡಿದೆಯಾ ಅಂತ ತಿಳಿಯಲು ಎಷ್ಟು ಸೈಟುಗಳು ಲಿಂಕ್ ಕೊಟ್ಟಿವೆ, ಎಷ್ಟು ರಿವ್ಯೂ ಇವೆ ಅನ್ನುವುದನ್ನೂ ನೋಡುತ್ತಾರೆ. ದೂರ ನಮ್ಮ ಕೈಯಲ್ಲಿಲ್ಲ. ತೋಟವನ್ನು ಎತ್ತಿಕೊಂಡು ಹೋಗಿ ಬೆಂಗಳೂರಿನ ಪಕ್ಕ ಇಡಲಾಗುವುದಿಲ್ಲ. ಹೆಸರು ನಮ್ಮ ಕೈಯಲ್ಲಿದೆ.

ಹಾಗಾದರೆ ಲಿಂಕ್ ಬರುವುದು ಎಲ್ಲಿಂದ? ಕುದುರೆಮುಖ ಹತ್ತಲು ಬರುವವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೋಂಸ್ಟೇಯವರಿಗೆ ಬಾಯಿಪಾಠ. ಅರಣ್ಯ ಇಲಾಖೆಯ ಬುಕಿಂಗ್ ಮಾಡುವುದು ಹೇಗೆ? ಚಾರಣ ಶುರುವಾಗುವ ಮುಳ್ಳೋಡಿಗೆ ಜೀಪ್ ಎಲ್ಲಿಂದ ಸಿಗುತ್ತದೆ? ಹೊರನಾಡಿನ ರಾತ್ರಿ ಬಸ್ಸಿನಲ್ಲಿ ಬಂದರೆ ಕಳಸದಲ್ಲಿ ಎಷ್ಟು ಹೊತ್ತಿಗೆ ಇಳಿಯುತ್ತೇವೆ? ಜುಲೈ ಮಳೆಯಲ್ಲಿ ಯಾವ ರಸ್ತೆ ವಾಸಿ? ಜಿಗಣೆಗೆ ಏನು ಹಚ್ಚಬೇಕು? ಇವಕ್ಕೆಲ್ಲ ಉತ್ತರ ಬರೆದು, ಪ್ರತಿ ಸೀಸನ್‌ನಲ್ಲಿ ತಿದ್ದುವ ಒಂದು ಪುಟ ಇಡಿ. ಚಾರಣದ ಗುಂಪುಗಳಿಗೂ ಇದೇ ಪ್ರಶ್ನೆಗಳು ಬರುತ್ತವೆ. ಉತ್ತರ ಬರೆಯುವ ಬದಲು ನಿಮ್ಮ ಪುಟದ ಲಿಂಕ್ ಹಾಕಿದರೆ ಅವರಿಗೇ ಸುಲಭ. ನಿಮ್ಮ ತೋಟದ ಬೀಜ ಕೊಳ್ಳುವ ಕಾಫಿ ರೋಸ್ಟರ್ ಇದ್ದರೆ ಅವರ ಸೈಟಿನಲ್ಲಿ ತೋಟದ ಹೆಸರು ಇದ್ದೇ ಇರುತ್ತದೆ, ಲಿಂಕ್ ಇರುವುದಿಲ್ಲ. ಒಂದು ಫೋನ್ ಮಾಡಿ ಕೇಳಿದರೆ ಹಾಕುತ್ತಾರೆ. ಉಳಿದು ಹೋದ ಅತಿಥಿ ಪ್ರವಾಸದ ಬಗ್ಗೆ ಬರೆದಿದ್ದರೂ ಅಷ್ಟೇ. ಕೇಳಲು ಸಂಕೋಚ ಯಾಕೆ?

ಮೋಸದ ಲಿಂಕ್ ಮಾರುವವರು ಇದ್ದಾರೆ, ಒಪ್ಪೋಣ. ಖೋಟಾ ನೋಟು ಓಡಾಡುತ್ತಿದೆ ಅಂತ ಸಂಬಳ ಬೇಡ ಅನ್ನುತ್ತೇವಾ? ಬುಕಿಂಗ್ ಆ್ಯಪ್‌ಗಳು ಪ್ರತಿ ಅತಿಥಿಯ ಮೇಲೂ ಕಮಿಷನ್ ಹಿಡಿದುಕೊಳ್ಳುತ್ತವೆ. ಒಮ್ಮೆ ಗಳಿಸಿದ ಒಳ್ಳೆಯ ಲಿಂಕ್ ಕಮಿಷನ್ ಕೇಳುವುದಿಲ್ಲ, ವರ್ಷಗಟ್ಟಲೆ ಅಲ್ಲೇ ಇರುತ್ತದೆ.

ವಿರೋಧ: ಲಿಂಕಿನ ಬೆನ್ನು ಹತ್ತಿದರೆ ಹೋಗಿ ನಿಲ್ಲುವುದು ಮಾರ್ಕೆಟ್ಟಿನಲ್ಲೇ

ಮೇಲಿನ ವಾದದಲ್ಲಿ ಹೋಂಸ್ಟೇ ಮಾಲೀಕರು ತಾವೇ ಕೂತು ಪುಟ ಬರೆಯುತ್ತಾರೆ, ತಾವೇ ಫೋನ್ ಮಾಡುತ್ತಾರೆ. ನಡೆಯುವುದು ಬೇರೆ. ಅವರಿಗೆ ಕಾಫಿ ಕೊಯ್ಲು ಇದೆ, ಅಡುಗೆಯವರು ರಜೆ ಹಾಕಿದ್ದಾರೆ, ಸೋಲಾರ್ ಕೈಕೊಟ್ಟಿದೆ. ಹಾಗಾಗಿ ಕೆಲಸವನ್ನು ಒಂದು ಏಜೆನ್ಸಿಗೆ ಕೊಡುತ್ತಾರೆ. ಏಜೆನ್ಸಿ ತಿಂಗಳ ಕೊನೆಗೆ ರಿಪೋರ್ಟ್ ಕೊಡಬೇಕು, ಅದರಲ್ಲಿ ಲಿಂಕಿನ ಸಂಖ್ಯೆ ಇರಬೇಕು. ಯಾರೋ ಮೆಚ್ಚಿ ಕೊಡುವ ಲಿಂಕ್ ತಿಂಗಳ ಲೆಕ್ಕಕ್ಕೆ ಸರಿಯಾಗಿ ಬರುವುದಿಲ್ಲವಲ್ಲ. ಹಾಗಾಗಿ ಏಜೆನ್ಸಿಯವರು ಕೊಳ್ಳುತ್ತಾರೆ.

ಎಲ್ಲಿ ಅಂತೀರಾ? ಸೈಟಿನಲ್ಲಿ ಫೋನ್ ನಂಬರ್ ಹಾಕಿದವರಿಗೆಲ್ಲ ಈ ಮೆಸೇಜ್ ಪರಿಚಯ ಇರುತ್ತದೆ: "ಸರ್, ಡಿಎ 50 ಪ್ಲಸ್, ಗೆಸ್ಟ್ ಪೋಸ್ಟ್, ಡೂಫಾಲೋ, ಪರ್ಮನೆಂಟ್." ಅಂದರೆ, ದುಡ್ಡು ಕೊಟ್ಟರೆ ಅವರ ಸೈಟಿನಲ್ಲಿ ನಿಮ್ಮ ಬಗ್ಗೆ ಲೇಖನ ಹಾಕಿ, ಗೂಗಲ್ ಲೆಕ್ಕಕ್ಕೆ ಹಿಡಿಯುವಂಥ ಲಿಂಕನ್ನು ಕಾಯಂ ಆಗಿ ಕೊಡುತ್ತಾರಂತೆ. ಡಿಎ ಅಂದರೆ ಡೊಮೇನ್ ಅಥಾರಿಟಿ, ಸೈಟಿನ ತೂಕಕ್ಕೆ ಕೊಡುವ ಅಂಕ. ಜೊತೆಗೆ ಒಂದು ಎಕ್ಸೆಲ್ ಶೀಟ್. ತೆರೆದರೆ ಮೊದಲ ಕಾಲಂನಲ್ಲಿ ಸೈಟಿನ ಹೆಸರು, ಪಕ್ಕದಲ್ಲಿ ಡಿಎ, ಆಮೇಲೆ ಟ್ರಾಫಿಕ್, ಆಮೇಲೆ ರೇಟು. ಎಷ್ಟೋ ಶೀಟುಗಳಲ್ಲಿ ಕೊನೆಗೆ ಇನ್ನೊಂದು ಕಾಲಂ ಇರುತ್ತದೆ: ಕ್ಯಾಸಿನೊ ಲಿಂಕಿಗೆ ಬೇರೆ ರೇಟು. ಅಂದರೆ ಇವತ್ತು ನಿಮ್ಮ ನೀರ್‌ದೋಸೆಯನ್ನು ಹೊಗಳಿದ ಸೈಟು ನಾಳೆ ಜೂಜಿನ ಆ್ಯಪನ್ನೂ ಹೊಗಳುತ್ತದೆ. ಇನ್ನು ಈ ಡಿಎ ಮಾಝ್ ಅನ್ನುವ ಕಂಪನಿ ಮಾಡಿಕೊಂಡ ಅಂಕ. ರ‍್ಯಾಂಕಿಂಗ್‌ಗೆ ಗೂಗಲ್ ಅದನ್ನು ಬಳಸುವುದೇ ಇಲ್ಲ. ಗೂಗಲ್ ನೋಡದ ಅಂಕಕ್ಕೆ ಗೂಗಲ್ ಹೆಸರಲ್ಲಿ ದುಡ್ಡು ಕೊಡುತ್ತಿದ್ದೇವೆ.

ಸಿಕ್ಕಿಬಿದ್ದವರ ಕಥೆಗಳೂ ಇವೆ. ಅಮೆರಿಕದ ಜೆಸಿ ಪೆನ್ನಿ ಮಳಿಗೆ ಉಡುಪು, ಹಾಸಿಗೆ ಬಟ್ಟೆ, ಜಮಖಾನ ಅಂತ ಏನು ಹುಡುಕಿದರೂ ಮೊದಲು ಬರುತ್ತಿತ್ತು. ಸಂಬಂಧವೇ ಇಲ್ಲದ ನೂರಾರು ಸೈಟುಗಳಲ್ಲಿ ಅದರ ಲಿಂಕ್ ಹಾಕಿಸಿದ್ದಾರೆ ಅಂತ 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲು ಮಾಡಿತು. ಗೂಗಲ್ ಕೆಳಗೆ ತಳ್ಳಿತು. ನಮಗೆ ಗೊತ್ತೇ ಇರಲಿಲ್ಲ ಅಂದ ಕಂಪನಿ ಸರ್ಚ್‌ನಲ್ಲಿ ಮೇಲೆ ತರಲು ಇಟ್ಟುಕೊಂಡಿದ್ದ ಎಸ್‌ಇಒ ಸಂಸ್ಥೆಯನ್ನು ತೆಗೆದುಹಾಕಿತು. 2013ರಲ್ಲಿ ಬ್ರಿಟನ್‌ನ ಹೂವಿನ ಕಂಪನಿ ಇಂಟರ್‌ಫ್ಲೋರಾ ಅಲ್ಲಿನ ಮದರ್ಸ್ ಡೇ ಹತ್ತಿರ ಬಂದಾಗಲೇ ಗೂಗಲ್‌ನಿಂದ ಮಾಯವಾಯಿತು. ಇವರೆಲ್ಲ ದೊಡ್ಡವರು, ವಾಪಸ್ ಬಂದರು. ನಾಲ್ಕು ರೂಮಿನವರು ಸೈಟಿನ ಮಾಲೀಕರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ತೆರೆದು, ಯಾವ ಲಿಂಕ್ ಯಾರು ಹಾಕಿದ್ದು ಅಂತ ಹುಡುಕಿ, ತೆಗೆಸಿ, ಮರುಪರಿಶೀಲನೆಗೆ ಅರ್ಜಿ ಹಾಕುವಷ್ಟರಲ್ಲಿ ಸೀಸನ್ ಮುಗಿದಿರುತ್ತದೆ.

ನಿಜ ಹೇಳಬೇಕೆಂದರೆ ಈಗ ಶಿಕ್ಷೆಯ ಭಯ ಕಡಿಮೆ. ಅದೇ ದೊಡ್ಡ ತೊಂದರೆ. 2012ರ ಏಪ್ರಿಲ್‌ನಲ್ಲಿ ಕೆಟ್ಟ ಲಿಂಕ್ ಹಿಡಿಯುವ ಗೂಗಲ್‌ನ ಪೆಂಗ್ವಿನ್ ವ್ಯವಸ್ಥೆ ಬಂದಾಗ ಕೆಟ್ಟ ಲಿಂಕ್ ಇರುವ ಸೈಟುಗಳು ಧಡಾರ್ ಅಂತ ಬಿದ್ದವು. 2016ರಿಂದ ಪೆಂಗ್ವಿನ್ ಅಂಥ ಲಿಂಕುಗಳನ್ನು ಹೆಚ್ಚಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. 2022ರ ಡಿಸೆಂಬರ್‌ನಿಂದ ಸ್ಪ್ಯಾಮ್‌ಬ್ರೈನ್ ಅನ್ನುವ ಎಐ ವ್ಯವಸ್ಥೆಯೂ ಲಿಂಕುಗಳಲ್ಲಿ ಇದೇ ಕೆಲಸ ಮಾಡುತ್ತಿದೆ. ಏಟೂ ಇಲ್ಲ, ಲಾಭವೂ ಇಲ್ಲ. ದುಡ್ಡು ಸುಮ್ನೆ ಹೋಗುತ್ತಿರುತ್ತದೆ, ರಿಪೋರ್ಟ್ ಮಾತ್ರ ತಿಂಗಳು ತಿಂಗಳು ಚೆಂದವಾಗಿ ಬರುತ್ತಿರುತ್ತದೆ.

ದುಡ್ಡು ಕೊಡದೆ ಗಳಿಸಿದರೆ ಸರಿಯಲ್ಲವೇ ಅಂತ ಕೇಳಬಹುದು. ಅಲ್ಲೂ ಗೆರೆ ಅಷ್ಟು ಸ್ಪಷ್ಟವಾಗಿಲ್ಲ. ಬರೆಯುವವರನ್ನು ಕರೆದು ಎರಡು ರಾತ್ರಿ ಫ್ರೀ ರೂಮು ಕೊಟ್ಟು ಲಿಂಕ್ ಹಾಕಿಸಿಕೊಳ್ಳುವುದು ಮಲೆನಾಡಿನಲ್ಲಿ ಮಾಮೂಲು. ಗೂಗಲ್‌ನ ನಿಯಮದ ಪ್ರಕಾರ ವಸ್ತು ಅಥವಾ ಸೇವೆ ಕೊಟ್ಟು ಪಡೆದ ಲಿಂಕೂ ಸ್ಪ್ಯಾಮೇ. ಅದಕ್ಕೆ 'ಸ್ಪಾನ್ಸರ್ಡ್' ಅಥವಾ 'ನೋಫಾಲೋ' ಗುರುತು ಹಾಕಬೇಕು, ಹಾಕಿದರೆ ರ‍್ಯಾಂಕಿಂಗ್‌ಗೆ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಸಣ್ಣವರಿಗೆ ಸುಲಭವಾಗಿ ಸಿಗುವ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಲಿಂಕುಗಳಿಗೂ ನೋಫಾಲೋ ಇದ್ದೇ ಇರುತ್ತದೆ.

ಗೂಗಲ್ ನೋಡುವುದು ಲಿಂಕ್ ಒಂದನ್ನೇ ಅಲ್ಲ ಅನ್ನುವುದು ಈಗ ಕೋರ್ಟಿನಲ್ಲೂ ದಾಖಲಾಗಿದೆ. ಅಮೆರಿಕ ಸರ್ಕಾರ ಹೂಡಿದ್ದ ಮೊಕದ್ದಮೆಯಲ್ಲಿ ಗೂಗಲ್‌ನ ಪಾಂಡು ನಾಯಕ್ 2023ರಲ್ಲಿ ಸಾಕ್ಷಿ ಹೇಳಿದಾಗ ನ್ಯಾವ್‌ಬೂಸ್ಟ್ ವಿಷಯ ಹೊರಬಂತು. ಜನ ಯಾವುದನ್ನು ಒತ್ತುತ್ತಾರೆ, ಯಾವುದರಲ್ಲಿ ನಿಲ್ಲುತ್ತಾರೆ ಅನ್ನುವ ಮಾಹಿತಿಯಿಂದ ಫಲಿತಾಂಶ ಜೋಡಿಸುವ ವ್ಯವಸ್ಥೆ ಅದು.

ಕನ್ನಡದಲ್ಲಿ ಬರೆಯುವವರು 2021ರ ಜೂನ್ ನೆನಪಿಸಿಕೊಳ್ಳಿ. ಭಾರತದ ಕುರೂಪ ಭಾಷೆ ಯಾವುದು ಅಂತ ಕೇಳಿದರೆ ಗೂಗಲ್ ಕನ್ನಡ ಅಂತ ತೋರಿಸಿ, ನಾವೆಲ್ಲ ಸಿಟ್ಟಾಗಿ, ಕೊನೆಗೆ ಕ್ಷಮೆ ಕೇಳಿತಲ್ಲ. ಆ ಉತ್ತರ ಬಂದಿದ್ದು ಹೆಸರೇ ಕೇಳದ ಒಂದು ಸೈಟಿನಿಂದ. ಅಂಥ ಪ್ರಶ್ನೆಗೆ ಬೇರೆ ಯಾರೂ ಬರೆದಿರಲಿಲ್ಲ, ಸಿಕ್ಕಿದ್ದನ್ನೇ ಮೇಲೆತ್ತಿ ತೋರಿಸಿತು ಅಂತ ನನ್ನ ಅಂದಾಜು. ಕನ್ನಡದಲ್ಲಿ ಎಷ್ಟೋ ವಿಷಯಗಳದ್ದು ಇದೇ ಸ್ಥಿತಿ. ಮಳೆಗಾಲದ ಕಳಸದ ಬಗ್ಗೆ ಅಚ್ಚುಕಟ್ಟಾದ ಕನ್ನಡ ಪುಟ ಬರೆದರೆ ಪೈಪೋಟಿಯೇ ಕಡಿಮೆ. ಪರ ವಾದ ಹೇಳಿದ ಆ ಪುಟವನ್ನು ಖಂಡಿತ ಬರೆಯಿರಿ, ಆದರೆ ಓದುವವರಿಗಾಗಿ ಬರೆಯಿರಿ. ಲಿಂಕ್ ಬಂದರೆ ಬರಲಿ.

ಮಾಲೀಕರಿಗೆ ಒಂದು ಮಧ್ಯಾಹ್ನ ಬಿಡುವಿದ್ದರೆ ಅದಕ್ಕೂ ಮೊದಲು ಗೂಗಲ್ ಮ್ಯಾಪ್ ತೆರೆಯಲಿ. ಫೋನಿನಲ್ಲಿ ಹೋಂಸ್ಟೇ ಹುಡುಕಿದವರಿಗೆ ಮ್ಯಾಪ್ ಮತ್ತು ಅದರ ಜೊತೆಗಿನ ಮೂರ್ನಾಲ್ಕು ಹೆಸರುಗಳೇ ಮೇಲೆ ಕಾಣುತ್ತವೆ. ಅದರ ಕೆಳಗೆ ಬುಕಿಂಗ್ ಕಂಪನಿಗಳು. ನಮ್ಮ ಸೈಟಿನ ಸರದಿ ಬರುವುದು ಆಮೇಲೆ. ತೋಟದ ಮನೆಗಳ ಪಿನ್ ಎಷ್ಟೋ ಸಲ ಗೇಟಿನ ಬಳಿ ಇರದೆ ಹಿಂಬದಿಯ ಹಳ್ಳದ ಆಚೆ ಇರುತ್ತದೆ. ಕತ್ತಲಲ್ಲಿ, ನೆಟ್‌ವರ್ಕ್ ಇಲ್ಲದ ಕಡೆ ದಾರಿ ತಪ್ಪಿದ ಅತಿಥಿ ಒಂದೇ ಸ್ಟಾರ್ ಕೊಟ್ಟು ಹೋಗುತ್ತಾರೆ. ಪಿನ್ ಸರಿಯಾದ ಜಾಗಕ್ಕೆ ಎಳೆದಿಡಲು ಯಾವ ಏಜೆನ್ಸಿಯೂ ಬೇಕಾಗಿಲ್ಲ.