ದೇವರಾಯನದುರ್ಗಕ್ಕೆ ಬಿಟ್ಟ ಸಾಕುಮೊಲ ಬದುಕಿಕೊಳ್ಳುವುದಿಲ್ಲ: ಸ್ಪಷ್ಟನೆ

"ಸಾಕಲಾಗದ ಮೊಲವನ್ನು ದೇವರಾಯನದುರ್ಗದ ಕಾಡಿಗೆ ಬಿಡಿ, ಹುಲ್ಲು ತಿಂದು ಬದುಕಿಕೊಳ್ಳುತ್ತದೆ. ಬೀದಿಯಲ್ಲಿ ಸಿಕ್ಕಿದ್ದಕ್ಕೆ ಹಾಲು, ಕ್ಯಾರೆಟ್ ಕೊಡಿ" ಎಂಬ ಸಂದೇಶ ತುಮಕೂರಿನಲ್ಲಿ ಹರಿದಾಡುತ್ತಿದೆ. ಎರಡೂ ತಪ್ಪು.

ನಮ್ಮ ಕುರುಚಲು ಕಾಡಿನ ಮೊಲವೇ ಬೇರೆ, ಅಂಗಡಿಯ ಮೊಲವೇ ಬೇರೆ. ಸಾಕುಮೊಲದ ಮೂಲ ಯುರೋಪು. ಇಲ್ಲಿಯದರ ಜೊತೆ ಕೂಡಿ ಮರಿಯನ್ನೂ ಹಾಕುವುದಿಲ್ಲ. ಬಿಳಿ ಮೈಯಂತೂ ನಾಯಿ, ಚಿರತೆಗಳಿಗೆ ಕರೆಯೋಲೆ ಕೊಟ್ಟಂತೆ. ಸಾಕುಪ್ರಾಣಿಯನ್ನು ಹಸಿವು, ಬಾಯಾರಿಕೆಗೆ ದೂಡಿ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ.

ಬೀದಿಯಲ್ಲಿ ಸಿಕ್ಕರೆ ಅಟ್ಟಾಡಿಸಬೇಡಿ. ಮೂಲೆಗೆ ತಂದು ಟವೆಲ್ ಹೊದಿಸಿ, ಒಂದು ಕೈ ಎದೆಯಡಿ, ಇನ್ನೊಂದು ಹಿಂಗಾಲಿನಡಿ ಕೊಟ್ಟು ಎತ್ತಿ. ಕಿವಿ ಹಿಡಿದು ನೇತಾಡಿಸಿದರೆ ಅದು ಝಾಡಿಸುವ ರಭಸಕ್ಕೆ ಅದರದ್ದೇ ಬೆನ್ನುಮೂಳೆ ಮುರಿಯಬಹುದು. ಗಾಳಿಯಾಡುವ ರಟ್ಟಿನ ಪೆಟ್ಟಿಗೆ ಸಾಕು.

ಆಹಾರದಲ್ಲಿ ನೂರಕ್ಕೆ 80 ಭಾಗ ಬೂಷ್ಟಿಲ್ಲದ ಒಣಹುಲ್ಲು, ಜೊತೆಗೆ ಕೊತ್ತಂಬರಿಯಂಥ ಸೊಪ್ಪು, ನೀರು. ಹಾಲು ಬೇಡವೇ ಬೇಡ. ಕ್ಯಾರೆಟ್ ಚೂರು ಮಾತ್ರ, ಅದರಲ್ಲಿ ಸಕ್ಕರೆ ಹೆಚ್ಚು. 12 ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಕೂತರೆ ಕರುಳು ನಿಂತಿದೆ ಎಂದೇ ತಿಳಿದು ಪಶುವೈದ್ಯರಲ್ಲಿಗೆ ಓಡಿ. ನಾಯಿಗೆ ಹಚ್ಚುವ ಫಿಪ್ರೊನಿಲ್ ಚಿಗಟದ ಔಷಧ ಮೊಲಕ್ಕೆ ವಿಷ.

ಗಂಡು-ಹೆಣ್ಣನ್ನು ಮೊದಲ ದಿನವೇ ಬೇರೆ ಮಾಡಿ. ಗರ್ಭ ಸುಮಾರು 31 ದಿನ, ಹೆತ್ತ ದಿನವೇ ಮತ್ತೆ ಕಟ್ಟುತ್ತದೆ. ಸಂತಾನಹರಣ ಮಾಡಿಸದೆ ಜೋಡಿಯಾಗಿ ಯಾರಿಗೂ ಕೊಡಬೇಡಿ.