ದಶಕಕ್ಕೆ ಅವಸರ ಬೇಡ

ಒಂದನೇ ತರಗತಿಯಲ್ಲೇ ಬೆರಳೆಣಿಕೆ ಬಿಡಿಸಿ, ದಶಕ ತೆಗೆದುಕೊಳ್ಳುವ ಸಂಕಲನ, ಅಂದ್ರೆ ಬಿಡಿಗಳು ಹತ್ತು ದಾಟಿದಾಗ ಒಂದು ಹತ್ತನ್ನು ಹತ್ತರ ಸ್ಥಾನಕ್ಕೆ ಸೇರಿಸುವ ಲೆಕ್ಕ, ಶುರು ಮಾಡಿ ಅಂತ ಒಂದು ಲೇಖನದಲ್ಲಿ ಓದಿದೆ. ನನಗೆ ಒಪ್ಪಿಗೆಯಿಲ್ಲ. ಚಳ್ಳಕೆರೆ ಕಡೆಯ ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತೇನೆ. ನಮ್ಮಲ್ಲಿ ಶೇಂಗಾ ಬೀಜಕ್ಕೇನೂ ಕೊರತೆಯಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆಗಳ ಎರಡು ಸಾಲು ಬರೆಯುತ್ತೇವೆ. 8 ಮನೆಗೆ ಬೀಜ ಇಟ್ಟು, ಇನ್ನೂ 5 ಬೀಜ ಮಗುವಿನ ಕೈಗೆ ಕೊಡುತ್ತೇನೆ. ಖಾಲಿ ಇರುವ 2 ಮನೆಯನ್ನು ಅದು ತಾನೇ ತುಂಬುತ್ತದೆ. ಕೈಯಲ್ಲಿ 3 ಉಳಿಯುತ್ತವೆ. ಹತ್ತು, ಮೇಲೆ ಮೂರು, ಹದಿಮೂರು! ಆಗ ಅದರ ಮುಖ ನೋಡಬೇಕು. ಇದು ಬಂದವರು ಮುಂದೆ 38+27 ಅನ್ನು 40+25 ಮಾಡಿಕೊಂಡು ಬಾಯಲ್ಲೇ 65 ಅನ್ನುತ್ತಾರೆ.

ಬೆರಳೆಣಿಕೆಗೂ ಬೈಯಬೇಡಿ. 2+9 ಇದ್ದರೆ ದೊಡ್ಡದರಿಂದ, ಅಂದ್ರೆ 9ರಿಂದ ಮುಂದೆ ಎಣಿಸಲು ತೋರಿಸಿ, ಸಾಕು. ಸರ್ಕಾರಿ ಶಾಲೆಗಳ ಚಟುವಟಿಕೆಯ ಕಲಿಕಾ ಪದ್ಧತಿ ನಲಿ-ಕಲಿ ಇರುವುದೇ ಹೀಗೆ ಮುಟ್ಟಿ ನೋಡಿ ಕಲಿಯಲಿ ಅಂತ ಅಲ್ವಾ? ದಶಕ ಬೇಡ ಅಂತಿಲ್ಲ. ಹತ್ತರ ಗುಂಪು ಮನಸ್ಸಿಗೆ ಕೂರುವ ಮೊದಲೇ ಹೇಳಿಕೊಟ್ಟರೆ 28+5ಕ್ಕೆ, 8+5ರ 13 ಅನ್ನು ಹಾಗೇ 2ರ ಪಕ್ಕ ಇಟ್ಟು, 213 ಅಂತ ಬರೆಯುತ್ತಾರೆ. ಆಗ ಸುಮ್ನೆ ಕೆಂಪು ಗೆರೆ ಎಳೆಯಬೇಡಿ, ಬೀಜ ಕೊಟ್ಟು ಅದೇ ಲೆಕ್ಕ ಮತ್ತೆ ಮಾಡಿಸಿ.