ಮಾನ್ಯ ಸಚಿವರ ಆದ್ಯ ಗಮನಕ್ಕೆ

ಸಂಪುಟ ರಚನೆಯಾದಾಗಲೆಲ್ಲ ಖಾತೆಗಾಗಿ ಕಿತ್ತಾಟ. ಲೋಕೋಪಯೋಗಿ ಕೊಡಿ, ಜಲಸಂಪನ್ಮೂಲ ಕೊಡಿ, ಕೊನೆಗೆ ಇಂಧನವಾದರೂ ಕೊಡಿ. ‘ನಮ್ಮ ಸಾಹೇಬರಿಗೆ ಶಾಲಾ ಶಿಕ್ಷಣವೇ ಬೇಕು’ ಎಂದು ಅಭಿಮಾನಿಗಳು ನಡುರಸ್ತೆಯಲ್ಲಿ ಟೈರ್ ಸುಟ್ಟಿದ್ದನ್ನು ನಾನಂತೂ ಕಂಡಿಲ್ಲ.

ಕಾರಣವಿದೆ. ರಾಜ್ಯದಲ್ಲಿರುವುದು 31 ಜಿಲ್ಲೆ, ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ 35 ‘ಶೈಕ್ಷಣಿಕ ಜಿಲ್ಲೆ’. ಚಿಕ್ಕೋಡಿ, ಶಿರಸಿ, ಮಧುಗಿರಿಯವರು ಪ್ರತ್ಯೇಕ ಜಿಲ್ಲೆಗಾಗಿ ಗಂಟಲು ಹರಿದುಕೊಳ್ಳುತ್ತಲೇ ಇದ್ದಾರೆ. ಇಲಾಖೆ ಸದ್ದಿಲ್ಲದೆ ಎಂದೋ ಕೊಟ್ಟು ಕೈತೊಳೆದುಕೊಂಡಿದೆ. ಸರ್ಕಾರಿ ಶಾಲೆಗಳು 40 ಸಾವಿರಕ್ಕೂ ಹೆಚ್ಚು. ಸಚಿವರು ಭಾನುವಾರವೂ ಬಿಡದೆ ದಿನಕ್ಕೆ ಹತ್ತು ಶಾಲೆ ನೋಡಿದರೂ 5 ವರ್ಷದಲ್ಲಿ ಅರ್ಧ ಮುಗಿಯುವುದಿಲ್ಲ. 5 ವರ್ಷ ಯಾರು ಬಿಡುತ್ತಾರೆ ಅನ್ನುವುದು ಬೇರೆ ಮಾತು.

ಇಲಾಖೆಗೆ ಬಂದ ಸಚಿವರೆಂದರೆ ಮಾವನ ಮನೆಗೆ ಬಂದ ಹೊಸ ಅಳಿಯ. ಹೋಳಿಗೆ ಮೊದಲು ಬೀಳುವುದು ಅವರ ಎಲೆಗೇ, ಉಗ್ರಾಣದ ಬೀಗದಕೈ ಮಾತ್ರ ಕೇಳಬಾರದು. ಕಾರ್ಯದರ್ಶಿ ಯಾರಾಗಬೇಕೆಂದು ನಿರ್ಧರಿಸುವುದು ಮುಖ್ಯಮಂತ್ರಿ. ಹೊಸ ಹುದ್ದೆಗೆ ಆರ್ಥಿಕ ಇಲಾಖೆಯ ಸಹಮತಿ ಬೇಕು; ಆ ಖಾತೆಯೂ ಸಾಮಾನ್ಯವಾಗಿ ಮುಖ್ಯಮಂತ್ರಿಗಳ ಬಳಿಯೇ. ಅಳಿಯನಿಗೆ ಉಳಿಯುವುದು ವರ್ಗಾವಣೆ. ನಮ್ಮಲ್ಲಿ ಆಡಳಿತ ಎಂದರೆ ಅದೇ ತಾನೆ? ಶಿಕ್ಷಕರ ವಿಷಯದಲ್ಲಿ ಅದಕ್ಕೂ ಕಲ್ಲು ಬಿತ್ತು. 2007ರಲ್ಲಿ ಕಾಯ್ದೆಯೇ ಬಂದು ಕೌನ್ಸೆಲಿಂಗ್‌ಗೆ ಕಾನೂನಿನ ಬಲ ಸಿಕ್ಕಿತು. ಮೇಷ್ಟರ ವರ್ಗಾವಣೆಗೆ ಸಚಿವರ ‘ಮಿನಿಟ್’ (ಶಿಫಾರಸು ಟಿಪ್ಪಣಿ) ಸಾಲದು, ಕಂಪ್ಯೂಟರ್ ಒಪ್ಪಬೇಕು. ಖಾತೆಯ ಬೆಲೆ ಅಂದೇ ಅರ್ಧಕ್ಕಿಳಿದಿರಬೇಕು.

ಇನ್ನು ಸಿಬ್ಬಂದಿ. ರಾಜ್ಯದ ಅತಿದೊಡ್ಡ ದಂಡು ಶಿಕ್ಷಕರದು, ಆದರೆ ಅದು ಸದಾ ಎರವಲಿನ ಮೇಲಿರುತ್ತದೆ. ಮತದಾರರ ಪಟ್ಟಿಗೆ ಚುನಾವಣಾ ಆಯೋಗ ಕರೆಯುತ್ತದೆ, ಗಣತಿಗೆ ಗಣತಿಯವರು ಕರೆಯುತ್ತಾರೆ. 2025ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಮುಗಿಯಲಿಲ್ಲವೆಂದು ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಹಿಗ್ಗಿಸಲಾಯಿತು. ಮಕ್ಕಳು ಮನೆಯಲ್ಲಿ, ಮೇಷ್ಟ್ರು ಪರರ ಮನೆ ಬಾಗಿಲಲ್ಲಿ, ಸಚಿವರು ‘ಗುಣಮಟ್ಟದ ಶಿಕ್ಷಣ’ದ ವೇದಿಕೆಯಲ್ಲಿ.

ಹಾಗಾದರೆ ಸಚಿವರ ಕೈಗೆ ನಿಜಕ್ಕೂ ಸಿಗುವುದೇನು? ಪಠ್ಯಪುಸ್ತಕ. 2022ರಲ್ಲಿ ಪರಿಷ್ಕರಣೆಯಾಯಿತು, 2023ರಲ್ಲಿ ಸರ್ಕಾರ ಬದಲಾಗಿ ಪರಿಷ್ಕರಣೆಯ ಪರಿಷ್ಕರಣೆಯಾಯಿತು. ಪರೀಕ್ಷೆಗೆ ಕೈಹಾಕಿದರೆ ಕೋರ್ಟ್ ಇದೆ: 5, 8, 9ನೇ ತರಗತಿಗೆ ಬೋರ್ಡ್ ಮಾದರಿ ಪರೀಕ್ಷೆ ನಡೆಸಿ ಫಲಿತಾಂಶ ಕೊಟ್ಟರೆ, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಹಿಡಿಯಿತು. ಪಾಸೋ ಫೇಲೋ ತಿಳಿಯದೆ ಕಕ್ಕಾಬಿಕ್ಕಿಯಾದವರಲ್ಲಿ ಐದನೇ ತರಗತಿಯವರೂ ಇದ್ದರು, ವಿಧಾನಸೌಧದವರೂ ಇದ್ದರು.

ಆಡಳಿತ ಸುಧಾರಣೆಗೆ ಆಯೋಗಗಳಿಲ್ಲವೇ? ಧಾರಾಳವಾಗಿವೆ. ಹಾರನಹಳ್ಳಿ ರಾಮಸ್ವಾಮಿಯವರದು ಬಂತು, ವಿಜಯಭಾಸ್ಕರ್ ಅವರದು ಬಂತು, ಆಮೇಲೆ ದೇಶಪಾಂಡೆಯವರ ಸರದಿ. ಕಡತ ಕಡಿಮೆ ಮಾಡಿ ಎಂಬ ಶಿಫಾರಸುಗಳೂ ಕಡತದಲ್ಲಿ ಸುರಕ್ಷಿತವಾಗಿವೆ.

ಈಗ ಸೋರುವ ಸೂರಿನ ಕಥೆಗೆ ಬರೋಣ. ಯಾವ ಊರೆಂದು ಕೇಳಬೇಡಿ, ನಿಮ್ಮೂರೇ ಅಂದುಕೊಳ್ಳಿ. ಜುಲೈಯಲ್ಲಿ ನಾಲ್ಕನೇ ತರಗತಿಯ ಹಂಚು ಹಾರಿ, ಬೋರ್ಡಿನ ಮೇಲೆ ಬರೆದ ಮಗ್ಗಿ ತೊಳೆದುಹೋಗುತ್ತದೆ. ಮುಖ್ಯೋಪಾಧ್ಯಾಯರು ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಂದರೆ ಬಿಇಒಗೆ ಬರೆಯುತ್ತಾರೆ. ಬಿಇಒ ‘ಸೂಕ್ತ ಕ್ರಮಕ್ಕಾಗಿ’ ಜಿಲ್ಲೆಯ ಉಪನಿರ್ದೇಶಕರಾದ ಡಿಡಿಪಿಐಗೆ, ಡಿಡಿಪಿಐ ‘ಮುಂದಿನ ಕ್ರಮಕ್ಕಾಗಿ’ ಆಯುಕ್ತರಿಗೆ ಕಳಿಸುತ್ತಾರೆ. ನೃಪತುಂಗ ರಸ್ತೆಯ ಆಯುಕ್ತರ ಕಚೇರಿಯಿಂದ ಸಚಿವಾಲಯದ ಬಹುಮಹಡಿ ಕಟ್ಟಡಕ್ಕೆ ಬಂದ ಪತ್ರಕ್ಕೆ ಅಲ್ಲಿ ಟಿಪ್ಪಣಿ ಹುಟ್ಟುತ್ತದೆ, ಟಿಪ್ಪಣಿಗೆ ಕಂಡಿಕೆಗಳು, ಅಂದರೆ ಅಂಕಿ ಹಾಕಿದ ಪ್ಯಾರಾಗಳು ಹುಟ್ಟುತ್ತವೆ. ‘ಕಂಡಿಕೆ 14ರಲ್ಲಿನ ಪ್ರಸ್ತಾವನೆಯನ್ನು ಕಂಡಿಕೆ 9ರ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು’ ಎಂಬಲ್ಲಿಗೆ ಅದು ಸಚಿವರ ಮೇಜಿಗೆ ಬರುತ್ತದೆ. ಸಚಿವರು ನಿಜಕ್ಕೂ ಕೆರಳುತ್ತಾರೆ. ಹಸಿರು ಶಾಯಿಯಲ್ಲಿ ‘ಅತಿ ತುರ್ತು. 7 ದಿನದೊಳಗೆ ಅನುಪಾಲನಾ ವರದಿ ಕೊಡಿ’ ಎಂದು ಗೀಚಿ, ಅಡಿಗೆರೆಯನ್ನೂ ಎಳೆಯುತ್ತಾರೆ.

ಕಡತ ಹತ್ತಿದ ಮೆಟ್ಟಿಲುಗಳನ್ನೇ ಒಂದೊಂದಾಗಿ ಇಳಿಯುತ್ತದೆ. ಜನವರಿಯಲ್ಲಿ ಮುಖ್ಯೋಪಾಧ್ಯಾಯರ ಕೈಗೆ ಜ್ಞಾಪನ ಬರುತ್ತದೆ: ಮಾನ್ಯ ಸಚಿವರ ಸೂಚನೆಯಂತೆ ತಾವು ಈವರೆಗೆ ಕೈಗೊಂಡ ಕ್ರಮವೇನು? ವಿಳಂಬಕ್ಕೆ ಕಾರಣ ತಿಳಿಸುವುದು.

ಮೇಷ್ಟ್ರು ತಲೆ ಎತ್ತಿ ನೋಡುತ್ತಾರೆ. ಹಂಚಿನ ತೂತಿನಿಂದ ಒಳ್ಳೆಯ ಬಿಸಿಲು ಬೀಳುತ್ತಿದೆ. ‘ಸದರಿ ಕೊಠಡಿಯು ಪ್ರಸ್ತುತ ಸೋರುತ್ತಿರುವುದಿಲ್ಲ’ ಎಂದು ನಿಗದಿತ ನಮೂನೆಯಲ್ಲಿ ಬರೆದು ಮೊಹರು ಒತ್ತುತ್ತಾರೆ. ‘ಸಮಸ್ಯೆ ಇತ್ಯರ್ಥವಾಗಿರುವುದರಿಂದ ಕಡತ ಮುಕ್ತಾಯಗೊಳಿಸಬಹುದು’ ಎಂಬ ಕಂಡಿಕೆಯೊಂದಿಗೆ ಅದು ಮತ್ತೆ ಮೇಲೇರುತ್ತದೆ. ಅಷ್ಟರಲ್ಲಿ ಸಚಿವರು ಬದಲಾಗಿರುತ್ತಾರೆ. ತೊಂದರೆಯೇನಿಲ್ಲ. ‘ಅನುಮೋದಿಸಿದೆ’ ಎಂದು ಬರೆಯಲು ಹೊಸಬರಿಗೂ ಬರುತ್ತದೆ.